ಹೊಳೆಗಿಳಿಯದ ಬಿಲ್ಲೆ

ನನ್ನ ಎರಡೂ ಕಾಲು ಇಬ್ಬರು ರೌಡಿಗಳ ಕೈಯಲ್ಲಿದ್ದವು. ತಲೆ ಮ್ಯಾನ್‌ಹೋಲಿನೊಳಗೆ!

ತಲೆಕೆಳಗಾಗಿ ನೇತಾಡಿದರೆ ಬದುಕಿನ ಬಗ್ಗೆ ಹೊಸ ದೃಷ್ಟಿ ಬರುತ್ತದಂತೆ ಸ್ವಾಮಿ. ನನಗೆ ಬಂದದ್ದು ಹೊಸ ವಾಸನೆ...

"ಬಿಲ್ಲೆ ಎಲ್ಲೋ?" ಮೇಲಿನಿಂದ ಗೊಗ್ಗರು ದನಿ.

"ಯಾವುದಣ್ಣಾ... ಕೇರಂದಾ?"

"ಇನ್ನೊಂದಡಿ ಇಳಿಸೋ ಡುಮ್ಮಾ!"

ಇಳಿಸಿದ.

ಬಿಲ್ಲೆಯ ಕತೆ ಇಷ್ಟು. ಎದುರಿನ ಗೋಡೆಯಾಚೆ ಔಷಧಿ ಕಾರ್ಖಾನೆ. ಅದರ ಪೈಪು ಸೀದಾ ಹೊಳೆಗೆ. ಅದೇ ಹೊಳೆಯ ದಂಡೆಯಲ್ಲಿ, ಪೈಪಿನಿಂದ ಕೆಳಗಡೆ, ನನ್ನ ಅಕ್ಕನ ಮನೆ. ಅಕ್ಕ ಈಗ ಆಸ್ಪತ್ರೆಯಲ್ಲಿ. ಕಾಲಿನದೊಂದು ಗಾಯ ಯಾವ ಆಂಟಿಬಯೋಟಿಕ್ಕಿಗೂ ಬಗ್ಗುತ್ತಿಲ್ಲ. ಹೊಳೆಯ ಕ್ರಿಮಿಗಳು ಅದೇ ಔಷಧಿ ಕುಡಿದು ಬೆಳೆದವು, ಇನ್ನೆಲ್ಲಿ ಸಾಯುತ್ತವೆ?

"ನನ್ನ ಕತೆ ಬಿಡೋ," ಎಂದಿದ್ದಳು ಅಕ್ಕ. "ಮಗಳು ಅದೇ ನೀರಲ್ಲಿ ಸ್ನಾನ ಮಾಡ್ತಾಳೆ. ಆ ಪೈಪು ಮುಚ್ಚಿಸು."

ಆ ಪೈಪಿನ ಕೇಸಿನ ವಿಚಾರಣೆ ನಾಳೆ!

ಅಧಿಕಾರಿಗಳು ಸ್ಯಾಂಪಲ್ಲಿಗೆ ಬಂದ ದಿನ ಆ ಪೈಪಿನಲ್ಲಿ ಪನ್ನೀರು! ಅದಕ್ಕೇ ನೀರು ಪರೀಕ್ಷಿಸುವ ಲ್ಯಾಬಿನ ಮೇಡಂ ನನಗೆ ಬಿಲ್ಲೆ ಕೊಟ್ಟರು. ಪೈಪಿನ ಕೆಳಗೆ ನೀರೊಳಗೆ ಕಟ್ಟಿಟ್ಟರೆ ತಿಂಗಳಿಡೀ ಹರಿದ ಔಷಧಿಯನ್ನೆಲ್ಲ ಹೀರಿಕೊಂಡು ಕೂರುತ್ತದೆ. ಒಂದು ದಿನದ ನಾಟಕ ಅದರ ಮುಂದೆ ನಡೆಯುವುದಿಲ್ಲ. ತಿಂಗಳು ಮುಗಿದು ಅದನ್ನು ಬಿಚ್ಚಿ ತರುವಾಗಲೇ ಇವರ ಕೈಗೆ ಸಿಕ್ಕಿದ್ದೆ.

ಜೊತೆಗೆ ಇನ್ನೊಂದು ಬಿಲ್ಲೆ. ಅದು ನೀರಿಗೇ ಇಳಿಯಬಾರದು. "ಡಬ್ಬಿಯಲ್ಲಿ ನಿಮ್ಮ ಜೊತೆಗೇ ಹೋಗಿ ಬರಲಿ. ಎರಡೂ ನನ್ನ ಕೈಗೇ ಬರಬೇಕು," ಎಂದಿದ್ದರು ಮೇಡಂ.

ಸ್ಟೆಪ್ನಿ ಇರಬೇಕು ಅಂದುಕೊಂಡೆ.

"ಕೊಡ್ತೀನಿ... ಎತ್ರಣ್ಣಾ!"

ಎತ್ತಿದರು. ಜಾಕೆಟ್ಟಿನ ಎಡಜೇಬಿನ ಜಿಪ್ಪು ಎಳೆದೆ. ಡಬ್ಬಿ ಕೊಟ್ಟೆ.

ಸ್ಟೆಪ್ನಿ!

ಗೊಗ್ಗರು ದನಿಯವನು ತೆರೆದು ನೋಡಿದ. "ಏನೋ ಇದು, ಒಣಗಿದೆ?"

"ಒರೆಸಿಟ್ಟಿದ್ದೆ ಅಣ್ಣಾ. ನೆಗಡಿ ಆಗಬಾರದಲ್ಲಾ..."

ಬೂಟಿನಲ್ಲಿ ಹೊಸಕಿ ಮ್ಯಾನ್‌ಹೋಲಿಗೆ ಒದ್ದ. ಫೋನ್ ತೆಗೆದ. ಗೊಗ್ಗರು ದನಿಗೆ ಒಮ್ಮೆಲೇ ಬೆಣ್ಣೆ ಹತ್ತಿತು. "ಸಾರ್... ಫಿನಿಶ್ ಸಾರ್!"

"ಅಣ್ಣಾ," ಎಂದ ಡುಮ್ಮ, "ಇವನ ಬಲಜೇಬೂ ಉಬ್ಬಿದೆ."

ಡುಮ್ಮನಿಗೆ ಬುದ್ಧಿ ಇರಬಾರದಿತ್ತು!

ಮೊಣಕಾಲು ಎತ್ತಿ ಕೊಟ್ಟೆ. ಅವನ 'ಅಮ್ಮಾ' ತಾರಕಕ್ಕೆ ಹೋಯಿತು.

ಓಡಿದೆ. ಬಟ್ಟೆ ಒಣಹಾಕಿದ ಓಣಿ... ಹಿಂದೆ ಬೈಕು... ಕೈಗೆ ಸಿಕ್ಕಿದ ಒದ್ದೆ ಬೆಡ್‌ಶೀಟು ಎಳೆದು ಎಸೆದೆ.

ಬೈಕು ಅದನ್ನೇ ಹೊದ್ದುಕೊಂಡು ಮಲಗಿತು.

ಲ್ಯಾಬಿಗೆ ಬಂದಾಗ ಮೇಡಂ ಕೈಗವಸು ಹಾಕಿಕೊಂಡು ಕಾಯುತ್ತಿದ್ದರು. ಬಲಜೇಬಿನ ಡಬ್ಬಿ ಇಟ್ಟೆ.

"ಇನ್ನೊಂದು?"

"ಆ ರೌಡಿಗಳಿಗೆ ಕೊಟ್ಟೆ ಮೇಡಂ! ಖಾಲಿ ಬಿಲ್ಲೆ ತುಳಿದು ಕುಣೀತಿದಾರೆ, ಪೆದ್ದರು!"

ನಾನು ನಕ್ಕೆ. ಅವರು ನಗಲಿಲ್ಲ.

"ಈ ಔಷಧಿ ಹೊಳೆಯಿಂದಲೇ ಬಂತು, ನಿಮ್ಮ ಕೈಯಿಂದಲೋ ಡಬ್ಬಿಯಿಂದಲೋ ಅಲ್ಲ... ಅದನ್ನ ಹೇಗ್ರೀ ತೋರಿಸಲಿ? ನಿಮ್ಮ ಜೊತೆಗೇ ಓಡಾಡಿದ ಆ ಬಿಲ್ಲೆ ಖಾಲಿಯಾಗೇ ಇದೆ ಅಂತ ತೋರಿಸಿದ್ರೆ ತಾನೇ ಇದನ್ನ ನಂಬೋದು?"

"ಇನ್ನೊಂದು ಖಾಲಿ ಬಿಲ್ಲೆ ಇಟ್ಟರೆ?"

"ಅದು ನಿಮ್ಮ ಜೊತೆ ಹೊಳೆಗೆ ಹೋಗಿತ್ತಾ?"

ಖಾಲಿ ಎಡಜೇಬಿನ ಜಿಪ್ಪು ಎಳೆದು ಮುಚ್ಚಿದೆ.

ಆದರೂ ಮೆಷಿನ್ನಿಗೆ ಹಾಕಿದರು. ಪರದೆಯ ಮೇಲೆ ಗೆರೆಗಳು ಬೆಟ್ಟದ ಹಾಗೆ ಎದ್ದವು. ಒಂದೊಂದು ಬೆಟ್ಟಕ್ಕೂ ಒಂದೊಂದು ಔಷಧಿಯ ಹೆಸರು. ಎಲ್ಲವೂ ಅಕ್ಕನ ಕೇಸ್‌ಶೀಟಿನಲ್ಲಿ ಡಾಕ್ಟರು ಬರೆದು ಹೊಡೆದುಹಾಕಿದ ಹೆಸರುಗಳೇ!

ಮರುದಿನ ವಿಚಾರಣೆಯಲ್ಲಿ ಕಾರ್ಖಾನೆಯ ವಕೀಲ ಎದ್ದ. ಜೇನು ಸವರಿದ ದನಿ. "ಮೇಡಂ... ನೀರಿಗೆ ಇಳಿಯದ ಬಿಲ್ಲೆಯನ್ನೂ ಸ್ವಲ್ಪ ತೋರಿಸ್ತೀರಾ?"

ಎರಡನೇ ಪ್ರಶ್ನೆ ಬೇಕಾಗಲಿಲ್ಲ. ಕೇಸು ಅಲ್ಲಿಗೇ ಬಿತ್ತು.

ಸಂಜೆ ವಾರ್ಡಿಗೆ ಹೋದೆ. ಅಕ್ಕ ಕಣ್ಣು ತೆರೆದಳು.

"ಸಿಕ್ತೇನೋ?"

"ಸಿಕ್ತು ಅಕ್ಕಾ. ನಿನಗೆ ಕೊಟ್ಟ ಔಷಧಿ ಎಲ್ಲಾ ಹೊಳೇಲಿದೆ."

"ಪೈಪು?"

ಅವಳ ಹೊದಿಕೆ ಸರಿಮಾಡಿದೆ.

"ಮಗಳಿಗೆ ಹೇಳೋ, ಆ ನೀರು ಮುಟ್ಟಬೇಡ ಅಂತ."

ಬೇರೆ ನೀರು ಎಲ್ಲಿದೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಊರಿನ ಅತಿ ದೊಡ್ಡ ಮೆಡಿಕಲ್ ಶಾಪು ನನ್ನ ಅಕ್ಕನ ಮನೆ ಮುಂದೆ ಹರಿಯುತ್ತದೆ ಸ್ವಾಮಿ... ಡಾಕ್ಟರ ಚೀಟಿ ಬೇಡ, ಭಾನುವಾರವೂ ರಜೆಯಿಲ್ಲ!