ಊಹೂಂ ಅಂದ ಬಿಲ್ಲುಗಾರ

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಚಂದ್ರಶೂರನೆಂಬ ರಾಜನಿದ್ದ. ಅವನ ನಾಡಿನ ಅಂಚಿನ ಗುಡ್ಡದಲ್ಲಿ ಗವಿಯರೆಂಬ ಸಣ್ಣ ಕುಲವಿತ್ತು. ಅವರ ಮಾತು ಬೇರೆ, ಹಾಡು ಬೇರೆ. ಆಸ್ಥಾನದಲ್ಲಿ ತಮಗೂ ಒಂದು ಪೀಠ ಬೇಕೆಂದು ಅವರೆಲ್ಲ ಸೇರಿ 'ಗವಿಯರ ಕೂಟ' ಕಟ್ಟಿದ್ದರು. ಕೂಟಕ್ಕೊಂದು ಬಿಲ್ಲುಪಡೆಯೂ ಇತ್ತು. ಆದರೇನು, ಬಿಲ್ಲು ಪಡೆಯ ಕೈಯಲ್ಲಿ, ಹೆದೆ ಕೂಟದ ಹಿರಿಯಳಾದ ಕೇತಜ್ಜಿಯ ಬುಟ್ಟಿಯಲ್ಲಿ! ಮನೆಮನೆಯವರೂ 'ಹೂಂ' ಅಂದ ಮೇಲೆಯೇ ಬುಟ್ಟಿ ತೆರೆಯುತ್ತಿತ್ತು. ಪಡೆಯ ನಾಯಕ ಜಡೆಯನಿಗೆ ಇದು ನುಂಗಲಾರದ ತುತ್ತು.

ಮಾಂತ್ರಿಕ ಕಂಟಕಾಕ್ಷನಿಗೆ ಆ ಗುಡ್ಡದ ಮೇಲೆ ಕಣ್ಣು. ಗವಿಯರು ರಾಕ್ಷಸರೆಂದು ರಾಜನಿಗೆ ಮಂಕುಬೂದಿ ಎರಚಿದ. ತನ್ನ ಮಂತ್ರಶಕ್ತಿಯನ್ನೆಲ್ಲ ತುಂಬಿ ಒಂದು ಹಂದಿಯನ್ನು ಗುಡ್ಡಕ್ಕೆ ಬಿಟ್ಟ. ಬಾಣವೇ ಅದರ ಆಹಾರ. ಒಂದು ಬಾಣ ತಾಗಿದರೆ ಸಾಕು, ಒಂದು ಹಂದಿ ನೂರಾಗುತ್ತಿತ್ತು. ಪಾಪ, ಗವಿಯರಿಗೆ ಇದೇನು ಗೊತ್ತು?

ಮೊದಲ ದಿನ ಹಂದಿ ಜಡೆಯನ ನವಣೆ ಹೊಲವನ್ನೇ ತುಳಿಯಿತು.

"ಹೆದೆ ಕೊಡಜ್ಜಿ! ಇವತ್ತು ಹೊಲ ಹೋಯ್ತು, ನಾಳೆ ಗುಡ್ಡಾನೂ ಹೋಗ್ತದೆ!"

"ಎಲ್ಲಾರ್ನೂ ಕೇಳ್ತೀನಿ ಇರಪ್ಪ," ಅಂದಳು ಕೇತಜ್ಜಿ.

ಕೂಟ ಸೇರಿತು, ಸಂಜೆಯವರೆಗೂ ಮಾತಾಡಿತು. ಒಬ್ಬ ಮುದುಕ ಒಪ್ಪಲಿಲ್ಲ.

ಎರಡನೆಯ ದಿನ ಹಂದಿ ಮತ್ತೆ ಬಂತು. ಕೂಟ ಮತ್ತೆ ಸೇರಿತು, ಸಂಜೆಯವರೆಗೂ ಮಾತಾಡಿತು. ಒಬ್ಬಳು ಬಾಣಂತಿ ಒಪ್ಪಲಿಲ್ಲ. ಜಡೆಯ ಹಲ್ಲು ಕಡಿದ.

ಮೂರನೆಯ ದಿನ ಹಂದಿ ಕೂಟದ ಎದುರಿಗೇ ಬಂದು ನಿಂತಿತು. ಮುದುಕನೂ ಹೂಂ ಅಂದ, ಬಾಣಂತಿಯೂ ಹೂಂ ಅಂದಳು.

"ನೀನೊಬ್ನೇ ಉಳಿದಿರೋದು ಮಗ. ಹೂಂ ಅನ್ನು," ಎಂದು ಕೇತಜ್ಜಿ ಬುಟ್ಟಿಗೆ ಕೈ ಹಾಕಿದಳು.

ಜಡೆಯ ಬಾಯಿ ತೆರೆಯುವ ಮುಂಚೆ ಹಂದಿಯ ಕಡೆ ನೋಡಿದ. ಮೊದಲ ದಿನ ಆನೆಯಷ್ಟಿದ್ದದ್ದು ನಿನ್ನೆ ಎಮ್ಮೆಯಷ್ಟಿತ್ತು, ಇವತ್ತು ಕರುವಿನಷ್ಟು! ಅವನ ಬತ್ತಳಿಕೆಯನ್ನೇ ನೋಡುತ್ತ ಜೊಲ್ಲು ಸುರಿಸುತ್ತಿತ್ತು.

"ಊಹೂಂ," ಅಂದ. "ಅದು ಹಸಿದೈತೆ ಅಜ್ಜಿ. ನಾವು ಹೊಡೀಲಿ ಅಂತ್ಲೇ ಕಾಯ್ತಾ ಐತೆ."

"ಹೆದರಿದೆಯೇನಣ್ಣ?" ಎಂದು ಅವನ ಪಡೆಯವರೇ ಹಂಗಿಸಿದರು. ಮೂರು ದಿನದಿಂದ ಬೇಡಿದ್ದನ್ನು ತಾನೇ ಬೇಡವೆನ್ನುವುದು ಸುಲಭವೇ? ಜಡೆಯನಿಗೆ ಅಳುವೇ ಬಂತು. ಆದರೂ ಮಾತು ಬದಲಿಸಲಿಲ್ಲ.

ಹೊತ್ತು ಮುಳುಗುವಷ್ಟರಲ್ಲಿ ಹಂದಿ ಇಲಿಯಷ್ಟಾಯಿತು, ಆಮೇಲೆ ಹೊಗೆಯಾಯಿತು. ಮಂತ್ರಶಕ್ತಿ ಕಳೆದುಕೊಂಡ ಕಂಟಕಾಕ್ಷ ಕಾಲಿಗೆ ಬುದ್ಧಿ ಹೇಳಿದ. ರಾಜನಿಗೆ ಕವಿದಿದ್ದ ಮಂಕು ಹರಿಯಿತು. ಅವನು ಗವಿಯರನ್ನು ಆಸ್ಥಾನಕ್ಕೆ ಕರೆಸಿ, "ಅಂಥ ಮಾಂತ್ರಿಕನನ್ನು ಏನು ಮಾಡಿ ಸೋಲಿಸಿದಿರಿ?" ಎಂದು ಕೇಳಿದ.

ಜಡೆಯ ತಲೆ ಕೆರೆದುಕೊಂಡ. "ಏನೂ ಮಾಡ್ಲಿಲ್ಲ ಬುದ್ಧಿ. ಏನು ಮಾಡಾಣ ಅಂತ ಮಾತಾಡ್ತಾ ಇದ್ವಿ, ಅಷ್ಟೇ."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಪಕ್ಕದಲ್ಲೇ ಪೀಠ ಹಾಕಿಸಿ ಕೇತಜ್ಜಿಯನ್ನು ಕೂರಿಸಿದ. ಅಂದಿನಿಂದ ಆ ಆಸ್ಥಾನದಲ್ಲಿ ಮಂತ್ರಿಗಳಿಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲ. ಉಳಿದಂತೆ ಗುಡ್ಡದವರೂ ಬಯಲಿನವರೂ ನೂರು ಕಾಲ ಸುಖವಾಗಿ ಬಾಳಿದರು.