ಸಾವಿರ ಎಡಸುತ್ತು

ಅಜ್ಜಿಯ ಅಜ್ಜಿಯೂ ಹುಟ್ಟದಿದ್ದ ಕಾಲದಲ್ಲಿ ತಾಮ್ರಪುರಿ ಎಂಬ ರಾಜ್ಯವಿತ್ತು. ಅದನ್ನು ಘೋರಕನೆಂಬ ಮಾಂತ್ರಿಕ ನುಂಗಿ ನೀರು ಕುಡಿದಿದ್ದ. ರಾಜನಿಂದ ಹಿಡಿದು ಕುರಿ ಕಾಯುವವನವರೆಗೆ ಎಲ್ಲ ಗಂಡಸರ ಕೊರಳಿಗೂ ಕಬ್ಬಿಣದ ಪಟ್ಟಿ ಬಿಗಿಸಿದ್ದ. ಅವನ ಕೋಟೆಯ ನಡುವೆ ಒಂದು ಕಬ್ಬಿಣದ ಕಂಬ, ಕಂಬಕ್ಕೆ ಸಾವಿರ ಸುತ್ತು ತಾಮ್ರದ ತಂತಿ. ಮೋಡದಿಂದ ಹಿಡಿದು ಪಂಜರದಲ್ಲಿಟ್ಟಿದ್ದ ಮಿಂಚುಹಾವನ್ನು ಆ ತಂತಿಯೊಳಗೆ ಹರಿಯಬಿಟ್ಟರೆ ಸಾಕು, ಕಂಬ ಕಬ್ಬಿಣವನ್ನೆಲ್ಲ ಎಳೆಯುತ್ತಿತ್ತು. ಎದುರು ಮಾತಾಡಿದವನು ಕೊರಳ ಪಟ್ಟಿಯ ಸಮೇತ ಹಾರಿಹೋಗಿ ಕಂಬಕ್ಕೆ ಅಪ್ಪಳಿಸುತ್ತಿದ್ದ. ನೋಡಿದವರಿಗೆ ವಾರಗಟ್ಟಲೆ ಅನ್ನ ಇಳಿಯುತ್ತಿರಲಿಲ್ಲ.

ಆದರೆ ಕಂಬದ ಎಳೆತ ಕೋಟೆಯ ಗೋಡೆ ದಾಟುತ್ತಿರಲಿಲ್ಲ. ಘೋರಕನಿಗೋ ಇಡೀ ರಾಜ್ಯವನ್ನೇ ಎಳೆಯುವ ಆಸೆ. ಅವನು ತಂತಿಗಾರರ ಕೇರಿಯಿಂದ ಹೊಂಬಾಳೆ ಎಂಬವಳನ್ನು ಹಿಡಿದು ತರಿಸಿದ. ಅವಳ ಅಣ್ಣ ಮುದ್ದರಸನನ್ನು ಕಂಬದ ಎದುರಿಗೆ ನಿಲ್ಲಿಸಿದ.

"ಮೂರು ದಿನ, ಮೂರು ಕೆಲಸ. ಒಂದು ಕೆಟ್ಟರೂ ನಿನ್ನಣ್ಣ ಕಂಬದ ಪಾಲು," ಎಂದ.

ಮೊದಲ ದಿನ, "ನೆಟ್ಟನೆಯ ತಂತಿ ಎಳೆ," ಎಂದ. ಎಳೆದಳು. ಹಾವು ಅದರೊಳಗೆ ಹರಿಯಿತು. ನೆಲದ ಮೇಲೆ ಚೆಲ್ಲಿದ್ದ ಸೂಜಿಗಳು ಎದ್ದು ತಂತಿಯ ಸುತ್ತ ಬಳೆಯ ಹಾಗೆ ಸಾಲುಗಟ್ಟಿದವು.

ಎರಡನೆಯ ದಿನ, "ಅದನ್ನೇ ಬಳೆಯಾಗಿ ಬಾಗಿಸು," ಎಂದ. ಬಾಗಿಸಿದಳು. ಹಾವು ಹರಿಯಿತು. ಸೂಜಿಗಳೆಲ್ಲ ಬಳೆಯ ನಡುವೆ ನುಗ್ಗಿ ಒಂದೇ ಕಡೆ ಮೊನೆ ಮಾಡಿದವು. ಮುದ್ದರಸ ಒಂದು ಹೆಜ್ಜೆ ಮುಗ್ಗರಿಸಿದ. ಘೋರಕ ಹಾವನ್ನು ಇನ್ನೊಂದು ತುದಿಯಿಂದ ಬಿಟ್ಟು ಆಟ ನೋಡಿದ. ಸೂಜಿಗಳು ಗಿರ್ರನೆ ತಿರುಗಿ ಹಿಂದಕ್ಕೆ ಮೊನೆ ಮಾಡಿದವು. ಹಾವು ಬಲಕ್ಕೆ ಸುತ್ತಿದರೆ ಒಂದು ಮುಖ, ಎಡಕ್ಕೆ ಸುತ್ತಿದರೆ ಅದಕ್ಕೆ ವಿರುದ್ಧ ಮುಖ! ಹೊಂಬಾಳೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಮೂರನೆಯ ದಿನ, "ಕಂಬದ ಹಳೆಯ ಸುತ್ತಿನ ಮೇಲೆ ಇನ್ನೂ ಸಾವಿರ ಸುತ್ತು ಹಾಕು. ಹಳೆಯ ತುದಿಗೆ ಹೊಸದನ್ನು ಬೆಸೆ," ಎಂದ.

ತಂತಿಗಾರರು ಸುತ್ತುವುದೆಲ್ಲ ಬಲಕ್ಕೆ, ಕಂಬದ ಹಳೆಯ ಸುತ್ತೂ ಬಲಕ್ಕೇ. ಎಡಸುತ್ತು ಚಟ್ಟ ಕಟ್ಟುವಾಗ ಮಾತ್ರ. ಬದುಕಿದ್ದವರ ಎದುರು ಎಡಕ್ಕೆ ಸುತ್ತಿದರೆ ಅವರಿಗೆ ಸಾವು ಕರೆದಂತೆ ಎಂದು ಹೊಂಬಾಳೆ ಚಿಕ್ಕಂದಿನಿಂದ ಕೇಳಿದ್ದಳು, ನಂಬಿದ್ದಳು ಕೂಡ. ಅವಳು ಅಣ್ಣನ ಮುಖ ನೋಡಿದಳು. ತಂತಿಯನ್ನು ಎಡಕ್ಕೆ ತಿರುಗಿಸಿದಳು.

ಮುದ್ದರಸನ ಮುಖ ಬಿಳಿಚಿಕೊಂಡಿತು. "ತಂಗೀ, ನಾನಿನ್ನೂ ಬದುಕಿದ್ದೀನಿ ಕಣೇ. ಈಗಲೇ ನನ್ನ ಚಟ್ಟ ಕಟ್ತೀಯಾ?" ಎಂದು ಪಿಸುಗುಟ್ಟಿದ.

"ಸುಮ್ನಿರಣ್ಣ, ದಮ್ಮಯ್ಯ ಅಂತೀನಿ."

ಬೆರಳು ಒಡೆದು ರಕ್ತ ಬಂತು. ಸುತ್ತು ಮುಗಿದಾಗ ಘೋರಕ ಬಂದು ಕೋಲಿನ ತುದಿಯಿಂದ ಒಂದೊಂದನ್ನೂ ತಟ್ಟುತ್ತ ಎಣಿಸಿದ. ಸಾವಿರ, ಸರಿಯಾಗಿತ್ತು. ಅವನ ಕಣ್ಣು ಅವಳ ಕೈಯ ಮೇಲೆ ಬಿತ್ತು.

"ಕೈ ಯಾಕೆ ನಡುಗ್ತಿದೆ?"

"ಹೆದರಿಕೆ, ಒಡೆಯಾ."

ಅದು ಸುಳ್ಳಲ್ಲ. ಘೋರಕನಿಗೆ ಹೆದರಿಕೆ ಎಂದರೆ ಹಾಲು ಕುಡಿದಷ್ಟು ಸಂತೋಷ. ಆ ಕೇರಿಯ ಹೆಣ್ಣು ಅಣ್ಣನ ಎದುರು ಎಡಕ್ಕೆ ಸುತ್ತಿಯಾಳೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಹಾವಿನ ಪಂಜರ ಪೂರ್ತಿ ತೆರೆದ.

ಹೊಂಬಾಳೆ ಕಣ್ಣು ಮುಚ್ಚಿದಳು. ಹಾವು ಸಾವಿರ ಸುತ್ತು ಬಲಕ್ಕೆ ಓಡಿತು, ಸಾವಿರ ಸುತ್ತು ಎಡಕ್ಕೆ ಓಡಿತು. ಒಂದರ ಎಳೆತವನ್ನು ಇನ್ನೊಂದು ತಿಂದುಹಾಕಿತು. ಕಂಬದ ಬುಡದಲ್ಲಿ ಬಿದ್ದಿದ್ದ ಸೂಜಿಯೂ ಮಿಸುಕಲಿಲ್ಲ.

"ಎಳೀ! ಎಳೀ!" ಎಂದು ಘೋರಕ ಕಂಬಕ್ಕೆ ಒದ್ದ. ಆಮೇಲೆ ಸಿಟ್ಟು ನೆತ್ತಿಗೇರಿ ಹೊಸ ತಂತಿಯನ್ನು ಬೆಸುಗೆಯ ಬಳಿ ಹಿಡಿದು ಬರಿಗೈಯಲ್ಲೇ ಕಿತ್ತ. ದಾರಿ ತಪ್ಪಿದ ಹಾವು ಅವನ ತೋಳಿನೊಳಗೆ ನುಗ್ಗಿತು. ಚಟಾರನೆ ಸದ್ದಾಯಿತು. ಅವನು ನಿಂತಿದ್ದಲ್ಲಿ ಒಂದು ಹಿಡಿ ಬೂದಿ ಉಳಿಯಿತು, ಹಾವು ಮೋಡಕ್ಕೆ ಹಾರಿತು.

ಊರವರು ಕಬ್ಬಿಣ ಉಜ್ಜಿ ಕತ್ತರಿಸುವ ಅರ ಹಿಡಿದು ಓಡಿಬಂದರು. ರಾಜನದೂ ಕುರುಬನದೂ ಪಟ್ಟಿಗಳು ಕಳಚಿ ಬಿದ್ದವು. ಅಲ್ಲಿಂದ ಮುಂದೆ ತಾಮ್ರಪುರಿಯಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿ ಬಾಳಿದರು. ಹೊಂಬಾಳೆ ಮಾತ್ರ ಆ ದಿನ ಹಬ್ಬದೂಟಕ್ಕೆ ಏಳಲಿಲ್ಲ. ಅಣ್ಣನ ಬರಿ ಕೊರಳಿನ ಮೇಲೆ ಬೆರಳಿಟ್ಟು, ನಾಡಿ ಬಡಿಯುತ್ತಿದೆಯೇ ಎಂದು ಸಂಜೆಯವರೆಗೂ ನೋಡುತ್ತ ಕುಳಿತಿದ್ದಳು. ಬಡಿಯುತ್ತಿತ್ತು.