ಅಡುಗೆ ಕಟ್ಟೆಯ ಎತ್ತರ

ಹೊಳೆನರಸೀಪುರದ ಆ ಹಳೇ ಮನೆಯನ್ನು ಷಡಕ್ಷರಿ ಕೊಂಡದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಹಳೇ ಮನೆ ಕೊಳ್ಳುವುದು, ಚೆಂದ ಮಾಡಿಸುವುದು, ಮಾರುವುದು. ವಿಡಿಯೋದಲ್ಲಿ ಎಲ್ಲ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಶಾಂತಿಗ್ರಾಮದಲ್ಲಿ ಹಿಂಡಿ, ಬೂಸಾ ಮಾರುವ ಅಂಗಡಿಯವನಿಗೂ ಸಿಮೆಂಟಿಗೂ ಅಲ್ಲಿಯವರೆಗೆ ಇದ್ದ ನಂಟು ಅಷ್ಟಕ್ಕಷ್ಟೆ.

ಬಾಗಿಲಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ ಎತ್ತರದ ಹುಡುಗಿಯನ್ನು ನೋಡಿ ಅವನು ಮೊದಲ ಮಾತಿಗೇ ಎಡವಿದ. ಕಂಟ್ರಾಕ್ಟರ್ ಎಷ್ಟೊತ್ತಿಗೆ ಬರ್ತಾರೆ ಎಂದು ಕೇಳಿದ.

"ಬಂದು ಆಗ್ಲೇ ಕಾಲು ಗಂಟೆ ಆಯ್ತು," ಎಂದಳು ಶಿವರಂಜನಿ.

ಅವನ ಕಿವಿಯವರೆಗೆ ಕೆಂಪೇರಿತು. ಅರಕಲಗೂಡಿನ ಕಂಟ್ರಾಕ್ಟರ್ ಈಶ್ವರಯ್ಯನವರ ಹೆಸರು ಕೇಳಿ ಕರೆಸಿದ್ದನೇ ಹೊರತು, ಮಂಡಿನೋವಿನಿಂದ ಅವರು ಮನೆ ಹಿಡಿದ ಮೇಲೆ ಕೆಲಸವನ್ನೆಲ್ಲ ಮಗಳೇ ನೋಡಿಕೊಳ್ಳುತ್ತಾಳೆಂದು ಯಾರೂ ಹೇಳಿರಲಿಲ್ಲ. ಇಂಥ ಪ್ರಶ್ನೆ ಅವಳಿಗೇನೂ ಹೊಸದಲ್ಲ. ಆದರೆ ಕೇಳಿದವರು ಇಷ್ಟು ಚೆನ್ನಾಗಿ ನಾಚಿಕೊಂಡದ್ದು ಹೊಸದು.

ಅವನು ಮೊಬೈಲ್ ತೆಗೆದು ಗಾಜಿನ ಮೆಟ್ಟಿಲು, ನೀಲಿ ದೀಪದ ಸೀಲಿಂಗು ತೋರಿಸಿದ. ಅವಳು ಎಲ್ಲವನ್ನೂ ಸಮಾಧಾನವಾಗಿ ನೋಡಿ ಮೊಬೈಲ್ ವಾಪಸ್ ಕೊಟ್ಟಳು. ಆಮೇಲೆ ಮನೆಯನ್ನು ಒಂದು ಸುತ್ತು ಹಾಕಿ, ಗೋಡೆಯ ತೇವ ಮುಟ್ಟಿ ನೋಡಿ, ಬಚ್ಚಲಿಗೆ ಒಂದು ಚೊಂಬು ನೀರು ಸುರಿದು ಬಂದು, ಪಾಠ ಶುರು ಮಾಡಿದಳು. ಮೊದಲು ತಾರಸಿ ಸೋರುವುದು ನಿಲ್ಲಬೇಕು, ಆಮೇಲೆ ವೈರಿಂಗು, ಪೈಪು, ಬಣ್ಣ ಕಟ್ಟಕಡೆಗೆ. ಯಾವ ಕಂಟ್ರಾಕ್ಟರಿಗೂ ಪೂರ್ತಿ ದುಡ್ಡು ಮುಂಗಡ ಕೊಡಬಾರದು, ಆದ ಕೆಲಸ ನೋಡಿ ಕೊಡಬೇಕು. ಅವರು ಹಿಂದೆ ಮಾಡಿದ ಮನೆಗೆ ಹೋಗಿ ವಿಚಾರಿಸಬೇಕು, ಅದೂ ಆ ಮನೆಯ ಹೆಂಗಸರನ್ನು, ಯಾಕೆಂದರೆ ನಲ್ಲಿ ಸೋರುವ ಸಂಕಟ ಗೊತ್ತಿರುವುದು ಅವರಿಗೇ.

"ಎಲ್ಲಕ್ಕಿಂತ ಮುಖ್ಯ, ಮಾರೋ ಮನೆ ಮೇಲೆ ಮನಸಿಡ್ಬೇಡಿ. ಕೊಳ್ಳೋರಿಗೆ ಏನು ಬೇಕೋ ಅದನ್ನ ಮಾಡ್ಸಿ."

"ಈ ವಿಚಾರ್ಸೋದೆಲ್ಲ ನಿಮ್ಗೂ ಅನ್ವಯಿಸ್ತದಾ ಮೇಡಂ?"

"ಮೊದ್ಲು ನಂಗೇ."

ಅವನು ನಿಜವಾಗಿಯೂ ಚನ್ನರಾಯಪಟ್ಟಣದಲ್ಲಿ ಅವಳು ಕಟ್ಟಿಸಿದ್ದ ಮನೆಗೆ ಹೋಗಿ ವಿಚಾರಿಸಿಕೊಂಡು ಬಂದ. ಆ ಮನೆಯ ಅಕ್ಕ ಕೆಲಸವನ್ನು ಬಾಯ್ತುಂಬ ಹೊಗಳಿದರೆಂದೂ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಎಂದರೆಂದೂ ಅವಳಿಗೇ ವರದಿ ಒಪ್ಪಿಸಿದ. ಹೇಳುವಾಗ ಅವಳ ಮೂಗನ್ನೇ ನೋಡುತ್ತಿದ್ದ. ಶಿವರಂಜನಿ ಸಿಟ್ಟಾಗಲು ಹೋಗಿ ಸೋತು ಆಚೆ ತಿರುಗಿ ನಕ್ಕಳು.

ಕೆಲಸ ಶುರುವಾಯಿತು. ಹೊಸ ಗಾರೆಗೆ ನೀರು ಹಾಕುವುದು ತನ್ನ ಪಾಲಿನ ಕೆಲಸ ಎಂದು ಷಡಕ್ಷರಿ ಹಟ ಹಿಡಿದ. ಅಂಗಡಿಯನ್ನು ಅಮ್ಮನ ಕೈಗೊಪ್ಪಿಸಿ, ದಿನಾ ಸಂಜೆ ಶಾಂತಿಗ್ರಾಮದಿಂದ ಬೈಕಿನಲ್ಲಿ ಬಂದು ಗೋಡೆಗೆ ಪೈಪು ಹಿಡಿಯುವ ಓನರನ್ನು ಮೇಸ್ತ್ರಿ ಗುಂಡಯ್ಯ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

"ಈವಯ್ಯ ಗ್ವಾಡೆ ನೋಡಕ್ಕೆ ಬರಾಕಿಲ್ಲ ಕಣವ್ವಾ," ಎಂದು ಅವನು ಒಂದು ದಿನ ಕರಣೆ ತೊಳೆಯುತ್ತ ಹೇಳಿದ.

ಕೆಲಸ ನೋಡಪ್ಪ ಎಂದು ಶಿವರಂಜನಿ ಗದರಿದಳು. ಆದರೆ ಸಂಜೆ ಬೈಕಿನ ಸದ್ದಿಗೆ ಅವಳ ಕೈ ತಾನಾಗಿ ಮುಂಗುರುಳು ಸರಿಮಾಡಿಕೊಳ್ಳುತ್ತಿತ್ತು. ಅವನು ಅವಳಿಗೆಂದು ಬಿಸಿ ವಡೆ ಕಟ್ಟಿಸಿಕೊಂಡು ಬರುತ್ತಿದ್ದ. ಟೈಲ್ಸು ಯಾವುದು, ಕಿಟಕಿ ಎಲ್ಲಿ, ಜಗುಲಿ ಇರಲಾ ಬೇಡವಾ ಎಂದು ಪ್ರತಿಯೊಂದಕ್ಕೂ ಅವಳ ಮುಖ ನೋಡುತ್ತಿದ್ದ. ಅವಳಿಗೆ ಅದು ಹಿತವಾಗಿತ್ತು, ಭಯವೂ ಆಗುತ್ತಿತ್ತು. ಮನೆ ಮಾರಿದ ದಿನ ಈ ಸಂಜೆಗಳೂ ಮುಗಿಯುತ್ತವೆ. ಶಾಂತಿಗ್ರಾಮದವನಿಗೂ ಅರಕಲಗೂಡಿನವಳಿಗೂ ಆಮೇಲೆ ಏನು ಕೆಲಸ? ಹಾಗಂತ ಕೆಲಸ ನಿಧಾನ ಮಾಡುವ ಜಾಯಮಾನ ಅವಳದಲ್ಲ.

ಅಡುಗೆಮನೆಯ ಸರದಿ ಬಂತು. ಕಟ್ಟೆಯ ಎತ್ತರಕ್ಕೆ ಗುಂಡಯ್ಯನದು ಒಂದೇ ಪದ್ಧತಿ. ಮನೆಯೊಡತಿ ಗೋಡೆಯ ಪಕ್ಕ ನಿಂತು ಮೊಣಕೈ ಮಡಿಸಬೇಕು, ಅದಕ್ಕಿಂತ ತುಸು ಕೆಳಗೆ ಅವನು ಗೆರೆ ಎಳೆಯಬೇಕು. ಮನೆ ಹೆಣ್ಣುಮಗಳನ್ನು ಕರೀರಿ ಎಂದು ಅವನು ಪೆನ್ಸಿಲ್ ಹಿಡಿದು ನಿಂತ. ಮಾರುವ ಮನೆಗೆ ಎಲ್ಲಿಯ ಹೆಣ್ಣುಮಗಳು?

"ಮೇಡಮ್ಮೇ ನಿಂತ್ಕೊಳ್ಳಿ," ಎಂದ ಷಡಕ್ಷರಿ ಮೆಲ್ಲಗೆ.

ಎಲ್ಲರಿಗೂ ಒಗ್ಗುವ ಎತ್ತರ ಇಂತಿಷ್ಟು ಎಂದು ಅವಳು ಹೇಳಬಹುದಿತ್ತು, ಹೇಳಬೇಕಿತ್ತು. ಅದರ ಬದಲು ಹೋಗಿ ನಿಂತಳು. ಗುಂಡಯ್ಯ ಗೆರೆ ಎಳೆದ. ಅವನು ಆಚೆ ಹೋದ ಮೇಲೂ ಇಬ್ಬರೂ ಆ ಗೆರೆಯನ್ನು ನೋಡುತ್ತ ನಿಂತಿದ್ದರು. ಕೊನೆಗೆ ಅವಳೇ ಸುಮ್ಮನೆ ಟೈಲ್ಸಿನ ಮಾತು ತೆಗೆದಳು.

ಬಣ್ಣ ಒಣಗುವಷ್ಟರಲ್ಲಿ ಕೊಳ್ಳುವವರು ಬಂದರು. ಕೊಣನೂರಿನಿಂದ ವರ್ಗವಾಗಿ ಬಂದ ಮೇಷ್ಟ್ರು ಅಮರನಾಥ, ಅವರ ಹೆಂಡತಿ ಗಂಗಾಂಬಿಕೆ. ಬಚ್ಚಲಿನಲ್ಲಿ ನೀರು ನಿಲ್ಲದಿರುವುದು, ಕಿಟಕಿಯ ಬೆಳಕು, ಜಗುಲಿ ಎಲ್ಲವೂ ಅವರಿಗೆ ಹಿಡಿಸಿತು. ಕೊನೆಗೆ ಗಂಗಾಂಬಿಕೆ ಅಡುಗೆ ಕಟ್ಟೆಯ ಮುಂದೆ ನಿಂತರು. ಗಿಡ್ಡಗೆ, ದುಂಡಗೆ ಇದ್ದ ಅವರ ಎದೆಮಟ್ಟಕ್ಕೆ ಗ್ರಾನೈಟ್ ಬಂದಿತ್ತು.

"ಇದ್ಯಾರ ಅಳ್ತೆಗೆ ಕಟ್ಟಿರೋದವ್ವಾ?" ಎಂದು ಅವರು ನಗುತ್ತಲೇ ಕೇಳಿದರು. ಇದೊಂದನ್ನು ತಗ್ಗಿಸಿಕೊಟ್ಟರೆ ಮನೆ ತಮಗೇ ಇರಲಿ ಎಂದರು.

ಶಿವರಂಜನಿ ಬಾಯಿ ತೆರೆಯುವ ಮೊದಲೇ ಷಡಕ್ಷರಿ ಕಟ್ಟೆ ಒಡೆಯಲ್ಲ ಎಂದುಬಿಟ್ಟ. ಮನೆಯನ್ನೂ ಕೊಡಲ್ಲ ಎಂದ. ಮೇಷ್ಟ್ರು ದಂಪತಿ ಮುಖ ಮುಖ ನೋಡಿಕೊಂಡು, ಯೋಚನೆ ಮಾಡಿ ಫೋನ್ ಮಾಡಿ ಎಂದು ನಂಬರು ಕೊಟ್ಟು ಹೊರಟರು.

ಅವಳ ಸಿಟ್ಟು ನಿಜಕ್ಕೂ ಮೂಗಿನ ತುದಿಗೆ ಬಂತು. ಇಂಥ ಒಳ್ಳೇ ಜನ ಇನ್ನೆಲ್ಲಿ ಸಿಗುತ್ತಾರೆ, ಬೀಗ ಹಾಕಿಟ್ಟ ಮನೆ ಎಷ್ಟು ದಿನ ಹೊಸದಾಗಿರುತ್ತದೆ, ಅಂಗಡಿ, ಅಮ್ಮ ಎಲ್ಲ ಶಾಂತಿಗ್ರಾಮದಲ್ಲಿರುವಾಗ ಇದನ್ನು ಇಟ್ಟುಕೊಂಡು ಮಾಡುವುದೇನು ಎಂದು ಒಂದೇ ಉಸಿರಿಗೆ ಬೈದಳು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ.

"ಮಾರ್ಬಿಟ್ರೆ ನಿಮ್ಮನ್ನ ನೋಡಕ್ಕೆ ಬರೋಕೆ ನನ್ನತ್ರ ಏನು ನೆಪ ಉಳೀತದೆ, ಹೇಳಿ?"

ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆಂದುಕೊಂಡಿದ್ದ ಹೆದರಿಕೆಯನ್ನು ಅವನೂ ದಿನಾ ಬೈಕಿನಲ್ಲಿ ಹೊತ್ತು ತರುತ್ತಿದ್ದ. ಕಣ್ಣು ತುಂಬಿತು. ಬೇಸರಕ್ಕಲ್ಲ, ಖುಷಿಗೆ. ಖುಷಿಯನ್ನು ಹೇಗೆ ಹೇಳಬೇಕೆಂದು ತಿಳಿಯದೆ ಅವಳು ತನಗೆ ಗೊತ್ತಿದ್ದುದನ್ನೇ ಮಾಡಿದಳು, ಮೊಬೈಲ್ ತೆಗೆದು ಗಂಗಾಂಬಿಕೆಗೆ ಫೋನ್ ಹಚ್ಚಿದಳು. ತಪ್ಪು ತನ್ನದೆಂದೂ, ನಾಳೆಯೇ ಕಟ್ಟೆ ತಗ್ಗಿಸುತ್ತೇವೆಂದೂ, ಬಂದು ಅಳತೆಗೆ ನಿಲ್ಲಬೇಕೆಂದೂ ಹೇಳಿದಳು. ಷಡಕ್ಷರಿಯ ಮುಖದಲ್ಲಿ ರಕ್ತವಿರಲಿಲ್ಲ. ಇದೇ ಅವಳ ಉತ್ತರ ಎಂದುಕೊಂಡು ಬೈಕಿನ ಕೀ ತೆಗೆದುಕೊಂಡ.

"ನಿಲ್ಲಿ," ಎಂದಳು. ಅವನು ನಿಂತ.

"ನೀವು ನನ್ನ ನೋಡಕ್ಕೆ ಒಂದು ಮನೇನ ಬೀಗ ಹಾಕಿ ಇಟ್ಕೋಬೇಕಾ? ಇದನ್ನ ಮಾರಿ. ಮಾರ್ಬಿಟ್ಟು, ಯಾವ ನೆಪಾನೂ ಇಲ್ದೇ ಅರಕಲಗೂಡಿಗೆ ಬನ್ನಿ. ಭಾನುವಾರ ಅಪ್ಪ ಮನೇಲೇ ಇರ್ತಾರೆ."

ಅವನು ಅರ್ಥವಾಗದವನಂತೆ ಅವಳನ್ನೇ ನೋಡಿದ. ನಿಧಾನವಾಗಿ ಮುಖದ ಮೇಲೆ ನಗು ಹರಡಿತು. ಕೈಯಲ್ಲಿದ್ದ ಕೀ ಕೆಳಗೆ ಬಿದ್ದದ್ದೂ ತಿಳಿಯಲಿಲ್ಲ.

"ನಾನೊಬ್ನೇ ಬರ್ಲಾ?"

ಶಿವರಂಜನಿ ಬಗ್ಗಿ ಕೀ ಎತ್ತಿ ಅವನ ಅಂಗೈಗಿಟ್ಟಳು. ಇಟ್ಟ ಕೈಯನ್ನು ತಕ್ಷಣ ವಾಪಸ್ ತೆಗೆದುಕೊಳ್ಳಲಿಲ್ಲ.

"ಅಮ್ಮನ್ನೂ ಕರ್ಕೊಂಡ್ ಬನ್ನಿ," ಎಂದಳು.